ನನ್ನ ಕಾದಂಬರಿಯಲ್ಲಿ ಲಾಳಿಯ ಸದ್ದೇ ತಪ್ಪಿತ್ತು

ಗದಗಿನ ಬೆಟಗೇರಿಯ ಒಂದು ನೇಕಾರರ ಮನೆ, ಕಪ್ಪತಗುಡ್ಡದ ಕಡೆಯ ಸೊರಟೂರಿನ ಒಂದು ಜಾಲಗಾರರ ಮನೆ, ನಡುವೆ 1876ರಿಂದ 78ರವರೆಗಿನ ದೊಡ್ಡ ಬರ. ನನ್ನ ಕಾದಂಬರಿ ಇಷ್ಟೇ. ಜಾಲಗಾರರು ಅಂದ ಕೂಡಲೇ ಎಲ್ಲರೂ ಮೀನಿನ ಬಲೆ ನೆನೆಸಿಕೊಳ್ಳುತ್ತಾರೆ. ಅಲ್ಲ, ಇವರು ಹಳ್ಳದ ಉಸುಕು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದವರು.

ಇಸವಿ, ಊರು ಎಲ್ಲ ಓದಿದರೆ ಸಿಗುತ್ತವೆ. 1884ರ ಧಾರವಾಡ ಗೆಜೆಟಿಯರ್ ತಿರುವಿದೆ, ಡಂಬಳ ಗುಡ್ಡಗಳ, ಅಂದರೆ ಕಪ್ಪತಗುಡ್ಡದ ಸಾಲಿನ, ಚಿನ್ನದ ಬಗ್ಗೆ ಭೂವಿಜ್ಞಾನಿ ಬ್ರೂಸ್ ಫೂಟ್ 1874ರಲ್ಲಿ ಬರೆದದ್ದನ್ನೂ ಓದಿದೆ. ಅಷ್ಟು ಓದಿಯೂ ಮೊದಲ ಕರಡಿನಲ್ಲಿ ನನ್ನ ನಾಯಕ ಬರದಲ್ಲಿ ಗದಗಿನಿಂದ ಹುಬ್ಬಳ್ಳಿಗೆ ರೈಲು ಹತ್ತಿದ್ದ! ಗದಗಿಗೆ ರೈಲು ಬಂದಿದ್ದೇ 1884ರಲ್ಲಿ. ಅವನನ್ನು ಇಳಿಸಿ ಅರಳೆ ಗಾಡಿಗೆ ಹತ್ತಿಸಿದೆ.

ಅದು ಸುಲಭದ ತಪ್ಪು. ಕಷ್ಟದ್ದು ಮಗ್ಗದ ಮುಂದೆ ಸಿಕ್ಕಿತು.

ಬೆಟಗೇರಿಯಲ್ಲಿ ಇನ್ನೂ ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ) ಇಟ್ಟುಕೊಂಡಿರುವ ಒಬ್ಬ ಅಜ್ಜನ ಮನೆಗೆ ಹೋಗಿ ಮೊದಲ ಅಧ್ಯಾಯ ಓದಿದೆ. ಹಗ್ಗ ಜಗ್ಗಿದಾಗ ಅಡ್ಡ ನೂಲು ಒಯ್ಯುವ ಲಾಳಿ ಟಕ್ ಟಕ್ ಅಂತ ಓಡುವ ಸಾಲು ನನಗೆ ತುಂಬಾ ಇಷ್ಟ ಇತ್ತು. ಅಜ್ಜ ಅಲ್ಲೇ ತಡೆದರು. "ಆ ಕಾಲದಾಗ ನಮ್ಮ ಕಡೆ ಹಗ್ಗದ ಮಗ್ಗ ಎಲ್ಲಿತ್ತೋ ತಮ್ಮಾ? ಕೈಲೇ ಒಗೀತಿದ್ರು." ನಿಜ. ಹಗ್ಗದ ಲಾಳಿ ನಮ್ಮ ಕಡೆ ಬಳಕೆಗೆ ಬಂದಿದ್ದು ಇಪ್ಪತ್ತನೇ ಶತಮಾನದಲ್ಲಿ.

ನನ್ನನ್ನು ಕುಣಿಯಲ್ಲಿ ಕೂರಿಸಿ, ಹಗ್ಗ ಬಿಚ್ಚಿ, ಲಾಳಿ ಕೈಗೆ ಕೊಟ್ಟರು. ಬಲಗೈಯಿಂದ ಒಗೆದು ಎಡಗೈಯಲ್ಲಿ ಹಿಡಿಯಬೇಕು, ಬಾಚಣಿಗೆಯಂಥ ಹಣಿಗೆ ಎಳೆದು ನೂಲು ಬಡಿಯಬೇಕು, ಕಾಲು ಬದಲಿಸಬೇಕು, ಮತ್ತೆ ಎಡಗೈಯಿಂದ ವಾಪಸ್. ನಾಲ್ಕನೇ ಸಲಕ್ಕೆ ಲಾಳಿ ಹಾಸಿನ (ಮಗ್ಗದ ಉದ್ದಕ್ಕೆ ಹಾಸಿದ ನೂಲಿನ) ಎಳೆ ಹರಿದುಕೊಂಡು ಕುಣಿಯೊಳಗೆ ಬಿತ್ತು. ಅಜ್ಜ ಬೈಯಲಿಲ್ಲ, ಹರಿದ ಎಳೆ ಬೆರಳಲ್ಲೇ ಹೊಸೆದು ಕೂಡಿಸಿದರು. ಗಂಟು ಎಲ್ಲಿದೆ ಅಂತ ನನಗೆ ಕಾಣಲೇ ಇಲ್ಲ.

ಆಗ ಗೊತ್ತಾಯಿತು: ಕೈ ಎಷ್ಟು ಚಾಚುತ್ತದೋ ಅಷ್ಟೇ ಬಟ್ಟೆಯ ಅಗಲ. ಟಕ್ ಟಕ್ ಸದ್ದೂ ಇರುವುದಿಲ್ಲ, ನೂಲಿನ ಮೇಲೆ ಕಟ್ಟಿಗೆ ಜಾರುವ ಮೆತ್ತಗಿನ ಸದ್ದು ಅಷ್ಟೇ. ಮನೆಯ ಮಾತುಕತೆ ಮಗ್ಗದ ಜೊತೆಗೇ ನಡೆಯುತ್ತಿತ್ತು ಅನ್ನೋದು ಆಮೇಲೆ ಹೊಳೆಯಿತು. ಸಂಭಾಷಣೆಗಳನ್ನೆಲ್ಲ ಮತ್ತೆ ಬರೆದೆ. ಮೂರು ತಿಂಗಳು ಹೋಯಿತು.

ಬಣ್ಣಕ್ಕೆ ಇಷ್ಟು ತೊಂದರೆ ಆಗಲಿಲ್ಲ. ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದಿದ್ದು 1897ರಲ್ಲಿ, ಹಾಗಾಗಿ ನನ್ನ ಕಥೆಯಲ್ಲಿ ಗಿಡದ ನೀಲಿಯೇ. ಪದಗಳು ಮಾತ್ರ ಕಾಡಿದವು. "ನಸುಕಿನಲ್ಲಿ ಬೀದಿಯಲ್ಲೇ ಹಾಸಿಗೆ ಗಂಜಿ ಹಚ್ಚಿದರು" ಅಂತ ಬರೆದಿದ್ದೆ. ಕರಡು ಓದಿದ ಗೆಳತಿ, ಬೀದಿಯಲ್ಲಿ ಮಲಗುವ ಹಾಸಿಗೆಗೆ ಗಂಜಿ ಯಾಕೆ ಅಂತ ಕೇಳಿದಳು. "ಹಾಸಿನ ನೂಲಿಗೆ" ಅಂತ ತಿದ್ದಿದೆ.

ಜಾಲಗಾರರ ಅಧ್ಯಾಯಕ್ಕೂ ಕೈಯಿಂದಲೇ ಶುರು ಮಾಡಿದೆ. ಕಪ್ಪತಗುಡ್ಡ ಈಗ ವನ್ಯಜೀವಿಧಾಮ, ಒಳಗೆ ಏನೂ ಮುಟ್ಟುವ ಹಾಗಿಲ್ಲ. ಹೊರಗಿನ ಒಂದು ಹಳ್ಳದಲ್ಲಿ, ಮಳೆ ನಿಂತ ಮರುದಿನ, ಕಟ್ಟಿಗೆಯ ಮರಿಗೆಯಲ್ಲಿ ಉಸುಕು ಹಾಕಿಕೊಂಡು ಅಲ್ಲಾಡಿಸುತ್ತಾ ಕೂತೆ. ಎರಡು ತಾಸಿಗೆ ಸೊಂಟ ಹಿಡಿಯಿತು. ತಳದಲ್ಲಿ ಉಳಿದದ್ದು ಒಂದು ಚಿಟಿಕೆ ಕರಿ ಉಸುಕು.

ಅದನ್ನೇ ಶೀಸೆಯಲ್ಲಿ ತುಂಬಿಕೊಂಡು ಬಂದು ಅಜ್ಜನಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿದರು.

"ಇಷ್ಟಕ್ಕ ಗುಡ್ಡದ ಕಡೆ ಹೋಗಿದ್ದೇನು? ಕೂಡು, ಚಾ ಕುಡಿ."