ಕೊಳೆತ ಇಂಜಿನ್ ಹಲಗೆಯೂ ಅಡಿಕೆ ಡ್ರೈಯರ್ರೂ: ನನ್ನ ಅನುಭವ

ಮೊನ್ನೆ ದೋಣಿಯ ಹಿಂಬದಿ ಹಲಗೆಯಿಂದ ಇಂಜಿನ್ ಇಳಿಸಿ, ನಾಲ್ಕೂ ಬೋಲ್ಟ್ ಬಿಚ್ಚಿ, ಒಂದೊಂದು ತೂತಿಗೂ ಕಿರುಬೆರಳು ಹಾಕಿ ನೋಡಿದೆ. ಒಳಗೆಲ್ಲ ಒಣ, ಗಾಜಿನ ಹಾಗೆ ನುಣುಪು. ಕೊಳೆತಿದ್ದ ಆ ಹಲಗೆಯನ್ನು ನಾನೇ ಹೊಸದಾಗಿ ಕೂರಿಸಿದ ಮೇಲೆ 2024ರ ಮಳೆಗಾಲವೂ 2025ರ ಮಳೆಗಾಲವೂ ಕಳೆದಿವೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ "ಎರಡು ಮಳೆ ಹೋಗಲಿ ಮಾರಾಯ, ಆಮೇಲೆ ಹೇಳು" ಅನ್ನುತ್ತಿದ್ದರು, ನಮ್ಮ ಭಾವನೇ ಎಲ್ಲರಿಗಿಂತ ಮುಂಚೆ.

ದೋಣಿ ಹದಿನೆಂಟು ಅಡಿಯ ಫೈಬರಿನದು. ಕರಾವಳಿಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದದ್ದನ್ನು 2016ರಲ್ಲಿ ಭಟ್ಕಳ ಕಡೆಯಿಂದ ತಂದೆ. ಐವತ್ತೈದು ಸಾವಿರವೋ ಅರವತ್ತೋ ಕೊಟ್ಟ ನೆನಪು. ನಮ್ಮ ಶರಾವತಿ ಹಿನ್ನೀರಿನಲ್ಲಿ ಹೆಚ್ಚಿನವರದು ತೆಪ್ಪ. ನನ್ನ ಬಲೆ ಬೀಳುವುದು ದೂರದಲ್ಲಿ, ಗಾಳಿ ಎದ್ದರೆ ಹುಟ್ಟು ಹಾಕಿಕೊಂಡು ಬರುವ ಮಾತಿಲ್ಲ. ಹಾಗಾಗಿ 9.9 ಎಚ್‌ಪಿ ಇಂಜಿನ್ ಕೂರಿಸಿದೆ. ಅದರ ತೂಕ ನಲವತ್ತು ಕೆಜಿ ಹತ್ತಿರ. ಆ ತೂಕವನ್ನೂ ಅದರ ನೂಕುಬಲವನ್ನೂ ಹೊರುವುದು ಹಿಂಬದಿಯ ಹಲಗೆ ಒಂದೇ. ಟ್ರಾನ್ಸಂ ಅಂತ ಕೆಲವರು ಹೇಳುತ್ತಾರೆ, ನಮ್ಮಲ್ಲಿ ಇಂಜಿನ್ ಹಲಗೆ. ನಡುವೆ ಪ್ಲೈವುಡ್, ಒಳಗೂ ಹೊರಗೂ ಫೈಬರ್ ಮೈ.

ಕರಾವಳಿಯವರಿಗೆ ಇಲ್ಲದ ಒಂದು ಕಾಟ ನಮಗಿದೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿಯುತ್ತ ಬಂದ ಹಾಗೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಒಂದೊಂದೇ ಮೇಲಕ್ಕೆ ಬರುತ್ತವೆ. ಪೂರ್ತಿ ಮೇಲೆ ಬಂದದ್ದು ಕಣ್ಣಿಗೆ ಕಾಣುತ್ತದೆ. ನೀರಿನಿಂದ ಒಂದು ಗೇಣು ಕೆಳಗಿರುವುದೇ ಅಪಾಯ. ಇಂಜಿನ್ನಿನ ಕಾಲು ಅದಕ್ಕೆ ಬಡಿದಾಗಲೆಲ್ಲ ಬೋಲ್ಟ್ ಒಂದು ಕೂದಲೆಳೆ ಅಲುಗುತ್ತದೆ, ತೂತಿನ ಸಂದು ಮುಚ್ಚಿದ ಸೀಲಂಟ್ ಬಿಡುತ್ತದೆ, ಆ ಸಂದಿನಲ್ಲಿ ನೀರು ಒಳಗಿನ ಪ್ಲೈವುಡ್ಡಿಗೆ ಇಳಿಯುತ್ತದೆ. ಫೈಬರ್ ಕೊಳೆಯುವುದಿಲ್ಲ, ಆದರೆ ಒಳಗೆ ಹೋದ ನೀರನ್ನು ಹೊರಗೂ ಬಿಡುವುದಿಲ್ಲ. ಸುತ್ತಿಗೆಯ ಹಿಡಿಯಿಂದ ಬಡಿದರೆ ಗಟ್ಟಿ ಜಾಗ ಟಣ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. 2019ರಲ್ಲಿ ನನ್ನದು ನೀರು ಬಿಡುವ ತೂತಿನಿಂದ ಹಿಡಿದು ಬೋಲ್ಟಿನ ಮಟ್ಟದವರೆಗೂ ಬೊದ್ ಅಂದಿತು.

ಮೊದಲ ಸಲ ಸುಲಭದ ದಾರಿ ಹಿಡಿದೆ. ಒಳಗಡೆಯಿಂದ ಅಂಗುಲಕ್ಕೊಂದು ತೂತು ಕೊರೆದು, ದೊಡ್ಡ ಸಿರಿಂಜಿನಲ್ಲಿ ತೆಳು ರೆಸಿನ್, ಅಂದರೆ ಕಲಸಿದ ಮೇಲೆ ಗಟ್ಟಿಯಾಗುವ ಅಂಟುದ್ರವ, ತುಂಬಿಸಿದೆ. ಒದ್ದೆ ಮರ ರೆಸಿನ್ ಕುಡಿಯುವುದಿಲ್ಲ. ತೂತಿನಲ್ಲಿ ಹೋದದ್ದು ತೂತಿನಲ್ಲೇ ಕಡ್ಡಿಯ ಹಾಗೆ ಗಟ್ಟಿಯಾಯಿತು, ಸುತ್ತಲಿನ ಕೊಳೆತ ಕೊಳೆತಂತೆಯೇ ಉಳಿಯಿತು. ನಾಲ್ಕು ಸಾವಿರ ಹೋಯಿತು, ಒಂದು ಹಂಗಾಮು ನಡೆಯಿತು.

ಎರಡನೆಯದು 2021ರಲ್ಲಿ. ನಮ್ಮೂರ ಆಚಾರರು, "ಪ್ಲೈ ಅಂದ್ರೆ ಕಾಗದ. ಹೊನ್ನೆ ಹಲಗೆ ಹಾಕು, ಮೊಮ್ಮಗನ ಕಾಲಕ್ಕೂ ಇರ್ತದೆ" ಅಂದರು. ಅವರ ಕೈಗೆಲಸದ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ, ಹಲಗೆ ಕೂರಿಸಿದ್ದು ಕೂದಲು ತೂರದಷ್ಟು ಬಿಗಿ. ಆದರೆ ಅಗಲದ ಇಡೀ ಹಲಗೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲಿನ ಫೈಬರ್ ಹಿಗ್ಗುವುದಿಲ್ಲ. ಮುಂದಿನ ಆಗಸ್ಟ್ ಬರುವಷ್ಟರಲ್ಲಿ ಮೂಲೆಯಿಂದ ಮೂಲೆಗೆ ಬಿರುಕು. ಮರ, ಕೂಲಿ, ರೆಸಿನ್ ಎಲ್ಲ ಸೇರಿ ಹನ್ನೊಂದು ಸಾವಿರ. ಪ್ಲೈಯಲ್ಲಿ ಎಳೆಗಳು ಅಡ್ಡ ಉದ್ದ ಇರುವುದರಿಂದ ಅದು ಹೀಗೆ ಆಡುವುದಿಲ್ಲ.

ಮೂರನೆಯದು 2022ರಲ್ಲಿ, ನನ್ನದೇ ಆತುರ. ಆಗಸ್ಟಿನಲ್ಲಿ ಬಿರುಕು ಕಂಡಿತು, ಮೀನು ಹಿಡಿಯುವ ಹೊತ್ತು ಹೋಗುತ್ತದೆಂದು ಜಡಿಮಳೆಯಲ್ಲೇ ಕೆಲಸಕ್ಕೆ ಇಳಿದೆ. ಪ್ಲೈ ತಂದು, ಅದರ ಮೇಲೆ ನೇರ ಪಾಲಿಯೆಸ್ಟರ್ ರೆಸಿನ್, ಗಾಜಿನ ನಾರಿನ ಮ್ಯಾಟ್. ಗಟ್ಟಿಯಾಗುವುದು ನಿಧಾನವಾಯಿತೆಂದು ಅದನ್ನು ಗಟ್ಟಿ ಮಾಡುವ ಕ್ಯಾಟಲಿಸ್ಟ್ ಜಾಸ್ತಿ ಹಾಕಿದೆ. ಒಂದು ಡಬ್ಬ ಕೈಯಲ್ಲೇ ಹೊಗೆಯಾಡಿತು, ಇನ್ನೊಂದು ಮೂರು ದಿನವಾದರೂ ಅಂಟಂಟು. ಅದರ ಮೇಲೆ ಇನ್ನೂ ಒಂದು ತಪ್ಪು ಮಾಡಿದ್ದೆ. ಮರಕ್ಕೆ ರಕ್ಷಣೆ ಅಂತ ಕರಾವಳಿಯ ಮರದ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಪ್ಲೈಗೆ ಮೊದಲು ಬಳಿದಿದ್ದೆ. ಮರದ ದೋಣಿಗೆ ಅದು ಒಳ್ಳೆಯ ಮದ್ದು. ರೆಸಿನ್ ಹಿಡಿಯಬೇಕಾದ ಮೈಗೆ ಅಲ್ಲ. ದಸರಾ ಕಳೆಯುವಷ್ಟರಲ್ಲಿ ಪದರ ಹಪ್ಪಳದ ಹಾಗೆ ಎದ್ದು ಬಂತು. ಹದಿನಾಲ್ಕು ಸಾವಿರ.

ಆಮೇಲೆ ಕರಾವಳಿಯ ಒಂದು ಫೈಬರ್ ಕೆಲಸದವರನ್ನು ಕೇಳಿದೆ. ಹೊಸ ಹಿಂಬದಿಗೆ ಮೂವತ್ತೈದು ಸಾವಿರ, ಸಾಗಿಸುವುದು ನಿಮ್ಮದೇ ಅಂದರು. ಘಟ್ಟ ಇಳಿಸಿ ಹತ್ತಿಸುವ ಖರ್ಚು ಬೇರೆ. "ಇಷ್ಟು ಕೊಳೆತ ಮೇಲೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು" ಅಂದರು. ಮನೆಯಲ್ಲೂ ಅದೇ ಮಾತು: "ಇನ್ನೊಂದು ರೂಪಾಯಿ ಆ ದೋಣಿಗೆ ಹಾಕಿದ್ರೆ ನೋಡಿ ಮತ್ತೆ."

ಒಂದು ವರ್ಷ ಸುಮ್ಮನೆ ಪರೀಕ್ಷೆ ಮಾಡಿದೆ. ಒಂದೇ ಪ್ಲೈ ಹಾಳೆಯಿಂದ ಇನ್ನೂರು ಇನ್ನೂರು ಗ್ರಾಮಿನ ನಾಲ್ಕು ತುಂಡು ಕೊಯ್ದೆ. ಒಂದು ಬರಿಯ ತುಂಡು, ಒಂದಕ್ಕೆ ಪಾಲಿಯೆಸ್ಟರ್, ಒಂದಕ್ಕೆ ಮಾಮೂಲಿನಂತೆ ಎಪಾಕ್ಸಿ (ಇದು ಇನ್ನೊಂದು ಜಾತಿಯ ರೆಸಿನ್), ಇನ್ನೊಂದಕ್ಕೆ ಬಿಸಿ ಮಾಡಿ ಎಪಾಕ್ಸಿ. ನಾಲ್ಕನ್ನೂ ಕಲ್ಲು ಕಟ್ಟಿ ನೀರಿನ ತೊಟ್ಟಿಗೆ ಬಿಟ್ಟೆ. ಮೂರು ತಿಂಗಳಿಗೆ ತೆಗೆದು ತೂಗಿದರೆ ಬರಿಯ ತುಂಡು ಮುನ್ನೂರರ ಹತ್ತಿರ, ಪಾಲಿಯೆಸ್ಟರಿನದು ಇನ್ನೂರ ಅರವತ್ತೋ ಎಪ್ಪತ್ತೋ, ಮಾಮೂಲು ಎಪಾಕ್ಸಿ ಹತ್ತು ಹನ್ನೆರಡು ಗ್ರಾಂ ಜಾಸ್ತಿ. ಬಿಸಿ ಮಾಡಿದ್ದು ಎರಡೋ ಮೂರೋ ಗ್ರಾಂ, ನನ್ನ ತಕ್ಕಡಿಗೆ ಸರಿಯಾಗಿ ಸಿಗದಷ್ಟು.

ಬಿಸಿ ಅಂದರೆ ಅಡಿಕೆ ಡ್ರೈಯರ್. ಕೊಯ್ಲು ಮುಗಿದು ಫೆಬ್ರವರಿ ಕಳೆದರೆ ಡ್ರೈಯರ್ ಖಾಲಿ. ಅಂಗಡಿಯ ಪ್ಲೈ ಎಷ್ಟೇ ಒಳ್ಳೆಯದಿರಲಿ, ನಮ್ಮ ಹವೆಗೆ ನೀರು ಹಿಡಿದೇ ಇರುತ್ತದೆ. ಇಂಜಿನ್ ಹಲಗೆಗೆ ಕೊಯ್ದ ಮೂರು ತುಂಡು ಸೇರಿ ಹದಿನಾಲ್ಕು ಕೆಜಿ ಚಿಲ್ಲರೆ ಇದ್ದವು. ಎರಡು ದಿನ ಸಣ್ಣ ಉರಿಯಲ್ಲಿ ಇಟ್ಟು ತೆಗೆದಾಗ ಆರುನೂರು ಗ್ರಾಂ ಇಳಿದಿತ್ತು. ಒಣಗಿಸುವುದು ಅರ್ಧ ಕೆಲಸ. ಹಲಗೆ ಕೈಗೆ ಬೆಚ್ಚಗಿರುವಾಗಲೇ ಹೊರಗೆ ತಂದು ತೆಳು ಎಪಾಕ್ಸಿ ಬಳಿಯಬೇಕು. ತಣಿಯುತ್ತ ಹೋದಂತೆ ಮರದೊಳಗಿನ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತಣ್ಣನೆಯ ಮರಕ್ಕೆ ಬಳಿದು ಬಿಸಿಲಿಗಿಟ್ಟರೆ ಉಲ್ಟಾ, ಒಳಗಿನ ಗಾಳಿ ಹೊರಬಂದು ಮೈತುಂಬ ಗುಳ್ಳೆ. ಹಲಗೆ ತೀರಾ ಬಿಸಿಯಿದ್ದರೂ ಕಷ್ಟ, ರೆಸಿನ್ ಕುಂಚದಲ್ಲೇ ಹೆಪ್ಪುಗಟ್ಟುತ್ತದೆ. ಅಂಚುಗಳಿಗೆ ಮೂರು ಸಲ ಬಳಿದೆ, ನೀರು ಕುಡಿಯುವುದು ಅಂಚಿನಿಂದಲೇ. ಹೊಗೆ ಸೀದಾ ಹಲಗೆಗೆ ತಾಗುವ ಡ್ರೈಯರ್ ಆದರೆ ಬೇಡ, ಮಸಿ ಕೂತರೆ ಯಾವುದೂ ಅಂಟುವುದಿಲ್ಲ.

2024ರ ಮಾರ್ಚಿನಲ್ಲಿ ಶುರು ಮಾಡಿದೆ. ಆಗಿನ್ನೂ ಹಿನ್ನೀರಿಗೆ ಸೇತುವೆ ಆಗಿರಲಿಲ್ಲ, ದಾಟುವುದು ಲಾಂಚಿನಲ್ಲೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹೊಳೆಬಾಗಿಲಿನ ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲುತ್ತದೆಂದು ಪ್ಲೈ, ರೆಸಿನ್ ಎಲ್ಲವನ್ನೂ ಮೊದಲೇ ಸಾಗರದಿಂದ ಈಚೆ ದಡಕ್ಕೆ ತಂದಿಟ್ಟಿದ್ದೆ. ಈಗಾದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು.

ಹಳೆಯದನ್ನು ಕೀಳುವ ಮುಂಚೆ ಎರಡು ಕೆಲಸ. ಹಿಂಬದಿಯ ಓರೆಯನ್ನು ರಟ್ಟಿನಲ್ಲಿ ಕೊಯ್ದು ಇಟ್ಟುಕೊಳ್ಳುವುದು, ದೋಣಿಯ ಬಾಯಿಗೆ ಅಡ್ಡಲಾಗಿ ಗಟ್ಟಿ ರೀಪು ಬಿಗಿಯುವುದು. ಹೊನ್ನೆ ಹಲಗೆ ಹಾಕಿದ ಸಲ ರೀಪು ಬಿಗಿದಿರಲಿಲ್ಲ, ಹಲಗೆ ತೆಗೆದ ಕೂಡಲೇ ದೋಣಿ ಮುಕ್ಕಾಲು ಅಂಗುಲ ಬಾಯಿ ಬಿಟ್ಟಿತ್ತು.

ಹಲಗೆಯ ಒಳಬದಿಯ ಫೈಬರ್ ಮೈಯನ್ನು ಅಂಚಿನಿಂದ ಎರಡು ಅಂಗುಲ ಬಿಟ್ಟು ಗ್ರೈಂಡರಿನಲ್ಲಿ ಕೊಯ್ದೆ. ಹೊರಮೈ ಮುಟ್ಟಲಿಲ್ಲ. ಹೊರಗಿನಿಂದ ಬಿಚ್ಚುವುದು ಸುಲಭ, ಆದರೆ ಆಮೇಲೆ ಮೈ ನುಣುಪು ಮಾಡುವುದರಲ್ಲೇ ಜೀವ ಹೋಗುತ್ತದೆ. ಕೆಳಗಿನ ಭಾಗ ಕೈಯಲ್ಲಿ ಬಾಚುವಂತೆ ಗೊಬ್ಬರವಾಗಿತ್ತು. ಮೇಲಿನ ಎರಡು ಮೂಲೆ ಮಾತ್ರ ಗಟ್ಟಿ, ಉಳಿಯಲ್ಲಿ ಒಂದೂವರೆ ದಿನ ಹಿಡಿಯಿತು. ಗಟ್ಟಿಯಿದೆಯಲ್ಲ ಅಂತ ಅಲ್ಲಿ ಬಿಡಬೇಡಿ, ನಾಳೆಯ ಕೊಳೆತ ಅಲ್ಲಿಂದಲೇ ಶುರು. ಫೈಬರ್ ಹುಡಿಯ ತುರಿಕೆಯ ವಿಷಯ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಮುಂಚೆ ಮೈಗೆ ಪೌಡರ್ ಹಚ್ಚಿ, ಮುಗಿದ ಮೇಲೆ ತಣ್ಣೀರಲ್ಲೇ ತೊಳೆಯಿರಿ.

ಹೊರಮೈಯ ಒಳಭಾಗವನ್ನು ದಪ್ಪ ಉಪ್ಪುಕಾಗದದಲ್ಲಿ ಉಜ್ಜಿ ಹತ್ತು ದಿನ ಬಿಸಿಲಿಗೆ ಬಿಟ್ಟೆ. ರಾತ್ರಿ ಇಬ್ಬನಿ ಬೀಳದಂತೆ ಟಾರ್ಪಾಲು. ಆಮೇಲೆ 12 ಎಂಎಂ ಪ್ಲೈಯ ಮೂರು ಪದರ ಒಂದರ ಮೇಲೊಂದು, ಫೈಬರ್ ಸೇರಿ ಒಟ್ಟು ನಲವತ್ತೈದು ಎಂಎಂ ಆಯಿತು. ನಡುವೆ ಸಿಲಿಕಾ ಪುಡಿ ಕಲಸಿ ಬೆಣ್ಣೆಯ ಹದಕ್ಕೆ ತಂದ ಎಪಾಕ್ಸಿ. ಎಪಾಕ್ಸಿಗೆ ಕಲಸುವ ಹಾರ್ಡನರ್ ತೂಗಿಯೇ ಹಾಕಿ, ಕಣ್ಣಳತೆ ನಡೆಯುವುದಿಲ್ಲ. ಪಾಲಿಯೆಸ್ಟರಿನ ಹಾಗೆ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ಇಲ್ಲಿ ಸುಳ್ಳು, ಯಾವತ್ತೂ ಗಟ್ಟಿಯಾಗದೆ ಉಳಿಯುತ್ತದೆ. ಅತಿ ಬಿಗಿಯೂ ಕೆಟ್ಟದ್ದು, ಅಂಟೆಲ್ಲ ಹೊರಗೆ ಹರಿದು ನಡುವೆ ಬರಿದಾಗುತ್ತದೆ. ಮೇಲ್ಭಾಗಕ್ಕೆ ಬಡಗಿ ಕ್ಲಾಂಪು, ನಡುವಿಗೆ ಹಳೆಯ ಬೋಲ್ಟ್ ತೂತುಗಳಲ್ಲೇ ಹಾಯಿಸಿದ ಬೋಲ್ಟು ಮತ್ತು ಎರಡೂ ಕಡೆ ಪಟ್ಟಿ. ಕೆಳಗಿನ ಎರಡು ಮೂಲೆಗೆ ಕ್ಲಾಂಪು ಹೋಗುವುದಿಲ್ಲ. ಅಲ್ಲಿ ಹೇಗೆ ಒತ್ತು ಕೊಟ್ಟೆ ಅನ್ನುವುದನ್ನು ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲ ಹಿಡಿದಿದೆ.

ಹಲಗೆಯೂ ಪಕ್ಕದ ಗೋಡೆಯೂ ಸೇರುವ ಮೂಲೆಗಳನ್ನು ಗೋಲಾಯಿ ಮಾಡಲು ತುಂಬುವ ಎಪಾಕ್ಸಿ ಮಿಶ್ರಣಕ್ಕೂ ಸ್ವಲ್ಪ ಆಟ ಆಡಿದೆ. ಅಡಿಕೆ ಸಿಪ್ಪೆ ಮನೆಯಲ್ಲೇ ರಾಶಿ ಇದೆಯಲ್ಲ ಅಂತ ಪುಡಿ ಮಾಡಿ ಕಲಸಿದೆ. ನಾರು ಕುಂಚಕ್ಕೂ ಕೈಗೂ ಸುತ್ತಿಕೊಂಡು ಒಂದು ಕಡೆ ನಿಲ್ಲಲಿಲ್ಲ, ಗಟ್ಟಿಯಾದ ಮೇಲೆ ಮುರಿದರೆ ಒಳಗೆ ಗಾಳಿಗೂಡು. ಸಾಮಿಲ್ಲಿನ ಹುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ ಹಾಕಿದ್ದು ಚೆನ್ನಾಗಿ ನಿಂತಿತು. ಸಿಲಿಕಾ ಎಷ್ಟು, ಹುಡಿ ಎಷ್ಟು ಅನ್ನುವ ಅಳತೆ ನನ್ನ ಹತ್ತಿರವೇ ಇರಲಿ. ಎರಡು ಅಂಗುಲದ ಪೈಪಿನ ತುಂಡಿನಲ್ಲಿ ಎಳೆದರೆ ಗೋಲಾಯಿ ನೀಟಾಗಿ ಬರುತ್ತದೆ.

ಅದರ ಮೇಲೆ ರೋವಿಂಗ್, ಅಂದರೆ ನೇಯ್ದ ಗಾಜಿನ ನಾರಿನ ಬಟ್ಟೆ, ನಾಲ್ಕು ಪದರ, ಪಕ್ಕದ ಗೋಡೆಗಳ ಮೇಲೆ ಏಳೆಂಟು ಅಂಗುಲ ಹತ್ತುವ ಹಾಗೆ, ಒಂದಕ್ಕಿಂತ ಒಂದು ಚಿಕ್ಕದು. ಪಾಲಿಯೆಸ್ಟರಿಗೆ ತರುವ ಮಾಮೂಲಿ ಮ್ಯಾಟ್ ಬೇಡ, ಅದರ ಅಂಟುಪುಡಿ ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ರಾತ್ರಿ ಮೋಡ ಕಟ್ಟಿ ಬೆಳಿಗ್ಗೆ ಮೈಮೇಲೆ ಮೇಣದಂಥ ಜಿಡ್ಡು ಕೂತಿತ್ತು. ನೀರು ಹಾಕಿ ಪಾತ್ರೆ ಉಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ಉಪ್ಪುಕಾಗದ ಹಾಕಿ ಮುಂದುವರಿದೆ. ತಿಕ್ಕದೆ ಮೇಲೆ ಹಾಕಿದ್ದರೆ 2022ರ ಹಪ್ಪಳವೇ ಮತ್ತೆ.

ಇನ್ನು ತೂತುಗಳು. ನನ್ನ ಲೆಕ್ಕದಲ್ಲಿ ಹಲಗೆ ಕೊಳೆಯುವುದೂ ಉಳಿಯುವುದೂ ಇಲ್ಲೇ. 12 ಎಂಎಂ ಬೋಲ್ಟಿಗೆ 24ರ ತೂತು ಕೊರೆದೆ. ಒಳಗಿನ ಮರಕ್ಕೆ ತೆಳು ಎಪಾಕ್ಸಿ ಬಳಿದು, ಇಡೀ ತೂತನ್ನು ಗಟ್ಟಿ ಮಿಶ್ರಣದಿಂದ ತುಂಬಿ, ಎರಡು ದಿನ ಬಿಟ್ಟು ನಡುವೆ ಮತ್ತೆ 12ರ ತೂತು ಕೊರೆದೆ. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ. ಬೊಡ್ಡೆಗೆ ಬಡಿದು ಸೀಲಂಟ್ ಬಿಟ್ಟರೂ ನೀರಿಗೆ ಸಿಗುವುದು ಪ್ಲಾಸ್ಟಿಕ್ಕಿನಂಥ ಗೋಡೆ. ನೀರು ಬಿಡುವ ತೂತಿಗೂ ಹೀಗೇ. ಒಂದೇ ಸಲ ತುಂಬಬೇಡಿ, ಬಿಸಿಯಾಗಿ ಬಿರುಕು ಬಿಡುತ್ತದೆ. ನನ್ನದೊಂದು ಹಾಗಾಗಿ ಮತ್ತೆ ಕೊರೆಯಬೇಕಾಯಿತು.

ಖರ್ಚು ನೆನಪಿದ್ದಷ್ಟು: ಎಪಾಕ್ಸಿ ಒಂಬತ್ತು ಕೆಜಿ ಆರು ಸಾವಿರದ ಮೇಲೆ, ಪ್ಲೈ ನಾಲ್ಕು ಸಾವಿರ ಚಿಲ್ಲರೆ, ರೋವಿಂಗ್, ಸಿಲಿಕಾ, ಗ್ರೈಂಡರ್ ಬಿಲ್ಲೆ, ಮುಖಗವಸು, ಸೀಲಂಟ್, ಸ್ಟೀಲ್ ಬೋಲ್ಟು ಸೇರಿ ಐದು ಸಾವಿರ. ಓಡಾಟ ಹಿಡಿದು ಹದಿನೇಳರೊಳಗೆ. ಮೊದಲ ಮೂರು ಸಲ ಕಳೆದದ್ದು ಇಪ್ಪತ್ತೊಂಬತ್ತು ಸಾವಿರ. ಅದು ಸೇರಿಸಿದರೂ ಹೊಸ ದೋಣಿಯ ಕಾಲುಭಾಗ ಅಷ್ಟೇ.

ನೀರಿಗೆ ಇಳಿಸುವ ದಿನ ಭಾವನನ್ನು ಕರೆದೆ. ಹಿಂಬದಿಗೆ ಅಡ್ಡಲಾಗಿ ದಾರ ಬಿಗಿದು, ಇಂಜಿನ್ ಕೂರುವ ಜಾಗದಲ್ಲಿ ಒಂದು ಉದ್ದ ಮರದ ತೊಲೆ ಕಟ್ಟಿ, ತುದಿಗೆ ಐವತ್ತು ಕೆಜಿಯ ಎರಡು ಮೂಟೆ ನೇತುಹಾಕಿದೆ. ಮೊದಲೆಲ್ಲ ಇಂಜಿನ್ ಎಳೆದಾಗ ಕಣ್ಣಿಗೆ ಕಾಣುವಷ್ಟು ಬಾಗುತ್ತಿದ್ದ ಹಲಗೆ. ದಾರಕ್ಕೂ ಹಲಗೆಗೂ ನಡುವಿನ ಸಂದು ಒಂದು ಎಂಎಂ ಕೂಡ ಬದಲಾಗಲಿಲ್ಲ. ಭಾವ ಬಗ್ಗಿ ಎರಡು ಸಲ ನೋಡಿದ. "ಹೌದಲೋ," ಅಂದ, ಅಷ್ಟೇ. ಕಳೆದ ಮೇನಲ್ಲಿ ಬೊಡ್ಡೆಗೆ ಬಡಿದು ಇಂಜಿನ್ನಿನ ಪ್ರೊಪೆಲ್ಲರ್ ಎಲೆ ಮುರಿಯಿತು, ಹಲಗೆಗೆ ಏನೂ ಆಗಲಿಲ್ಲ.

ಈಗ ಆಚೆ ದಡದವರ ದೋಣಿಯೊಂದು ನಮ್ಮ ಅಂಗಳಕ್ಕೆ ಬಂದಿದೆ, ನನ್ನದಕ್ಕಿಂತ ಹಳತು, ಪಕ್ಕದ ಗೋಡೆಯ ಒಳಗಿನ ಮರಕ್ಕೂ ಕೊಳೆತ ಹತ್ತಿದೆ. ಪ್ಲೈ ಕೊಯ್ದಿಟ್ಟಿದ್ದೇನೆ. ಡ್ರೈಯರಿನಲ್ಲಿ ಕೊನೆಯ ಕೊಯ್ಲಿನ ಅಡಿಕೆ ಇನ್ನೂ ಇದೆ, ಅದು ಇಳಿದ ಮೇಲೆ ಹಲಗೆ ಹತ್ತಿಸಬೇಕು.