ಬುಧವಾರದ ಸಂತೆಗೆ ನಡಿಗೆ, ಮನೆಗೆ ಬಿಸಿ ಪಫ್ಸ್

ಆದಿ ಉಡುಪಿಯ ಎಪಿಎಂಸಿ ಪ್ರಾಂಗಣದಲ್ಲಿ ಬುಧವಾರ ಸಂತೆ. ಉಡುಪಿ ಸಿಟಿ ಬಸ್ ನಿಲ್ದಾಣದಿಂದ ಬನ್ನಂಜೆ, ಕರಾವಳಿ ಜಂಕ್ಷನ್ ದಾಟಿ ಹೋದರೆ ಎರಡು ಕಿಲೋಮೀಟರ್ ಆಸುಪಾಸು, ಸಾವಕಾಶ ನಡೆದರೆ ಅರ್ಧ ಗಂಟೆ. ಸಂತೆ ಮೊದಲು, ಬೇಕರಿ ಕೊನೆಗೆ ಎನ್ನುವುದನ್ನು ಮಾತ್ರ ಬಿಡಬೇಡಿ. ಪಫ್ಸ್ ಮೊದಲೇ ಕೊಂಡರೆ ಸೌತೆಕಾಯಿಯ ಭಾರಕ್ಕೆ ಪುಡಿಯಾಗುತ್ತದೆ, ಮನೆ ಮುಟ್ಟುವಾಗ ಮೆತ್ತಗೂ ಆಗಿರುತ್ತದೆ.

ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ ನಡೆಯಿರಿ, ಎದುರಿನಿಂದ ಬರುವ ಬಸ್ಸು ಕಣ್ಣಿಗೆ ಬೀಳುತ್ತದೆ. ಕರಾವಳಿ ಜಂಕ್ಷನ್ನಿನಲ್ಲಿ ಎಲ್ಲ ದಿಕ್ಕಿನಿಂದಲೂ ವಾಹನ ಬರುವುದರಿಂದ ಅವಸರ ಬೇಡ. ಬಟ್ಟೆಚೀಲ ಎರಡಿರಲಿ. ಒಂದೊಂದರಲ್ಲಿ ಎರಡು ಕೆಜಿ ಮೀರದಂತೆ ಹಂಚಿದರೆ ಭುಜ ನೋಯುವುದಿಲ್ಲ. ಹತ್ತು, ಇಪ್ಪತ್ತರ ನೋಟುಗಳಿದ್ದರೆ ಸೊಪ್ಪಿನವರ ಹತ್ತಿರ ಚಿಲ್ಲರೆಗೆ ಕಾಯಬೇಕಿಲ್ಲ.

ಮಟ್ಟುಗುಳ್ಳ ಸಿಕ್ಕುವ ಕಾಲವಾದರೆ ಮೊದಲು ಅದನ್ನೇ ನೋಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬದನೆ ಇದು. ತಿಳಿಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಒತ್ತಿದರೆ ಬಿಗಿಯಾಗಿರಬೇಕು. ಹಳದಿಗೆ ತಿರುಗಿದ್ದರೆ ಬೀಜ ಬಲಿತಿದೆ. ಬಸಳೆ, ಹರಿವೆಗೆ ಸಾಮಾನ್ಯವಾಗಿ ನೀರು ಚಿಮುಕಿಸಿರುತ್ತಾರೆ, ಹಾಗಾಗಿ ಸೊಪ್ಪಿನ ಚೀಲವೇ ಬೇರೆ ಇರಲಿ. ಆ ತೇವ ಪಫ್ಸಿಗೆ ತಾಗಬಾರದು.

ಇನ್ನು ಬೇಕರಿ. ಪಫ್ಸ್ ಓವನ್ನಿನಿಂದ ಇಳಿಯುವ ಹೊತ್ತು ಒಂದೊಂದು ಕಡೆ ಒಂದೊಂದು. ಹೋಗುವಾಗಲೇ ಒಳಗೆ ಇಣುಕಿ "ಅಣ್ಣ, ಬಿಸಿ ಪಫ್ಸ್ ಎಷ್ಟು ಹೊತ್ತಿಗೆ ಬರ್ತದೆ?" ಎಂದು ಕೇಳಿಕೊಂಡು ಸಂತೆಯ ಸಮಯ ಅದಕ್ಕೆ ಹೊಂದಿಸಿ. ಗಾಜಿನ ಪೆಟ್ಟಿಗೆಯ ಬಲ್ಬಿನಡಿ ಬೆಚ್ಚಗಿರುವುದೆಲ್ಲ ಹೊಸದಲ್ಲ. ಬಲ್ಬು ಮೇಲ್ಪದರವನ್ನು ಒಣಗಿಸುತ್ತದೆಯೇ ಹೊರತು ಮೆತ್ತಗಾದ ತಳವನ್ನು ಗರಿ ಮಾಡುವುದಿಲ್ಲ. ಹೊಸ ಪಫ್ಸ್ ಗಾತ್ರಕ್ಕೆ ಹಗುರ, ಬದಿಯಲ್ಲಿ ಪದರ ಬಿಡಿಬಿಡಿ, ತಳ ಕಂದು. ಪದರಗಳು ಏಳುವುದು ಹಿಟ್ಟಿನೊಳಗಿನ ನೀರು ಆವಿಯಾಗಿ ನೂಕುವುದರಿಂದ, ನಡುವಿನ ಕೊಬ್ಬು ಅವನ್ನು ಅಂಟಲು ಬಿಡುವುದಿಲ್ಲ. ಹಿಟ್ಟು ಮಡಚುವಾಗಲೇ ಕೊಬ್ಬು ಕರಗಿ ಬೆರೆತಿದ್ದರೆ ಪದರವೇ ಇಲ್ಲದ ಗಟ್ಟಿ ತುಂಡು ಸಿಗುತ್ತದೆ, ಸೆಕೆಯ ನಮ್ಮೂರಲ್ಲಿ ಇದು ಸುಲಭವಾಗಿ ಆಗುವ ತಪ್ಪು. ತಣಿದ ಪಫ್ಸ್ ತಿಂದ ಮೇಲೆ ಅಂಗುಳಲ್ಲಿ ಮೇಣದ ಹಾಗೆ ಅಂಟಿದರೆ ಹೆಚ್ಚಾಗಿ ಅದು ವನಸ್ಪತಿ. ಬೆಣ್ಣೆ ಬಾಯಿಯ ಬಿಸಿಗೇ ಕರಗುತ್ತದೆ.

ಪ್ಲಾಸ್ಟಿಕ್ ಚೀಲ ಬೇಡವೆಂದು ಮೊದಲೇ ಹೇಳಿ. ಬಿಸಿ ಪಫ್ಸಿನ ಆವಿ ಒಳಗೇ ನೀರಾಗಿ, ಹತ್ತು ನಿಮಿಷದಲ್ಲಿ ಗರಿ ಹೋಗುತ್ತದೆ. ಕಾಗದದ ಪೊಟ್ಟಣ, ಬಾಯಿ ಮಡಚದೆ, ತರಕಾರಿಯ ಮೇಲೆ ಅಡ್ಡಲಾಗಿ ಇಡಿ. ಒಂದು ಪೊಟ್ಟಣಕ್ಕೆ ಮೂರೇ ಸಾಕು, ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬೆವರುತ್ತದೆ. ಮಳೆಗಾಲದಲ್ಲಿ ಗಾಳಿಯೇ ತೇವವಾದ್ದರಿಂದ ಕಾಗದವೂ ಹೆಚ್ಚು ಹೊತ್ತು ಕಾಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ಕ್, ಬೆಣ್ಣೆ ಬಿಸ್ಕತ್ತು ತಂದು ಬಿಗಿ ಮುಚ್ಚಳದ ಡಬ್ಬಿಗೆ ಹಾಕುವುದು ಜಾಣತನ. ಬ್ರೆಡ್ ಬಿಸಿಯಿದ್ದರೆ ಕತ್ತರಿಸಿ ಕೊಡಲು ಹೇಳಬೇಡಿ, ಒಳಗು ಅಂಟಂಟಾಗಿ ಮುದ್ದೆಯಾಗುತ್ತದೆ. ಇಡಿಯಾಗಿ ತಂದು, ಪೂರ್ತಿ ತಣಿದ ಮೇಲೆ ಗರಗಸದ ಹಲ್ಲಿನ ಚಾಕುವಿನಲ್ಲಿ ಕೊಯ್ಯಿರಿ.

ಬನ್ಸ್ ಬೇಕೆನಿಸಿದರೆ ಬೇಕರಿಯಲ್ಲಲ್ಲ, ಹೋಟೆಲಿನಲ್ಲಿ ಕೇಳಿ. ನಮ್ಮ ಕಡೆಯ ಬನ್ಸ್ ಬಾಳೆಹಣ್ಣು ಕಲಸಿದ ಮೈದಾವನ್ನು ಎಣ್ಣೆಯಲ್ಲಿ ಕರಿದದ್ದು. ಮನೆಯಲ್ಲೇ ಮಾಡುವವರು ಸಂತೆಯಲ್ಲಿ ಸಿಪ್ಪೆ ಕಪ್ಪಾದ ಹಣ್ಣು ಹುಡುಕಲಿ. ಸಿಹಿ ಹೆಚ್ಚು, ದರವೂ ಕಡಿಮೆ.

ಮನೆಗೆ ಬಂದವರೇ ಪಫ್ಸನ್ನು ಪೊಟ್ಟಣದಿಂದ ತೆಗೆದು ಜಾಲರಿಯ ಮೇಲಿಡಿ, ತಟ್ಟೆಯಲ್ಲಿಟ್ಟರೆ ತಳ ಒದ್ದೆಯಾಗುತ್ತದೆ. ತಣಿದಿದ್ದರೆ ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ, ಮುಚ್ಚದೆ, ಒಂದೊಂದು ಬದಿಗೆ ನಾಲ್ಕು ನಿಮಿಷ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಆರು ನಿಮಿಷ. ಮೈಕ್ರೋವೇವ್ ಬೇಡ, ಪಲ್ಯದ ನೀರು ಆವಿಯಾಗಿ ಪದರಕ್ಕೆ ಏರಿ ಚರ್ಮದ ಹಾಗಾಗುತ್ತದೆ. ಮೊಟ್ಟೆ ಪಫ್ಸನ್ನು ಏಪ್ರಿಲ್, ಮೇ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ.