ಎಲ್ಕ್ ಎದುರಾದಾಗ ಅಂತರ ಕಾಯುವುದು ಹೇಗೆ?

ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಗೆ ಹೋಗುವವರಿಗೆ ಕಾಡುಪ್ರಾಣಿಯಿಂದ ಎಷ್ಟು ದೂರ ಇರಬೇಕೆಂದು ತಾವಾಗಿ ಲೆಕ್ಕ ಹಾಕುವ ಪ್ರಮೇಯವೇ ಬರುವುದಿಲ್ಲ. ಜೀಪನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಹಿಂದಕ್ಕೆ ತೆಗೆಯಬೇಕು ಎಂಬುದು ಚಾಲಕನ ತೀರ್ಮಾನ. ಕೆಳಗಿಳಿಯುವಂತಿಲ್ಲ ಎಂಬುದು ಇಲಾಖೆಯ ನಿಯಮ. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಅಮೆರಿಕದ ಯೆಲ್ಲೋಸ್ಟೋನ್ ಅಥವಾ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮಗಳಿದ್ದರೂ ಸ್ಥಳದಲ್ಲಿ ಅವನ್ನು ಪಾಲಿಸುವುದು ಪ್ರವಾಸಿಗನ ವಿವೇಕಕ್ಕೆ ಬಿಟ್ಟ ವಿಷಯ. ಅಲ್ಲಿ ಸ್ವಂತ ಕಾರಿನಲ್ಲಿ ಹೋಗಬಹುದು, ಬೇಕೆನಿಸಿದಲ್ಲಿ ಇಳಿದು ಕಾಲುದಾರಿ ಹಿಡಿಯಬಹುದು, ಊಟ ಮುಗಿಸಿ ಹೋಟೆಲಿನಿಂದ ಹೊರಬಂದರೆ ಅಂಗಳದ ಹುಲ್ಲಿನಲ್ಲೇ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮೇಯುತ್ತಿರಬಹುದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು, ಮಕ್ಕಳನ್ನು ಕರೆದುಕೊಂಡು ಈ ಉದ್ಯಾನಗಳಿಗೆ ಹೋಗುವುದು ಈಗ ಸಾಮಾನ್ಯವಾಗಿರುವುದರಿಂದ, ಅಂತರ ಕಾಯುವ ಕ್ರಮವನ್ನು ಹೊರಡುವ ಮುನ್ನವೇ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ತಿಂಗಳನ್ನು ನೋಡಿಕೊಳ್ಳಿ

ಎಲ್ಕ್ ಜಿಂಕೆಯ ಕುಲಕ್ಕೆ ಸೇರಿದ ಪ್ರಾಣಿ. ಯೆಲ್ಲೋಸ್ಟೋನ್‌ನ ಗಂಡು ಸುಮಾರು 315 ಕಿಲೊ, ಹೆಣ್ಣು ಸುಮಾರು 225 ಕಿಲೊ ತೂಗುತ್ತದೆ. ಭುಜದ ಎತ್ತರ 5 ಅಡಿಯಷ್ಟು. ಗಂಡಿನ ಜೋಡಿ ಕೊಂಬುಗಳೇ 13 ಕಿಲೊ ಮೀರಬಹುದು. ಆನೆ ಕಂಡರೆ ತಾನಾಗಿ ಹಿಂದೆ ಸರಿಯುವ ನಮ್ಮವರು ಇದನ್ನು ಕಂಡಾಗ ‘ಜಿಂಕೆ ತಾನೇ’ ಎಂದು ಮುಂದೆ ಹೋಗುವುದೇ ತೊಂದರೆಯ ಮೂಲ ಎಂದು ನನಗನ್ನಿಸುತ್ತದೆ.

ವರ್ಷದಲ್ಲಿ ಎರಡು ಕಾಲ ಇದು ಹೆಚ್ಚು ಅಪಾಯಕಾರಿ. ಮೇ ತಿಂಗಳಿನಿಂದ ಜೂನ್ ಕೊನೆಯವರೆಗೆ ಹೆಣ್ಣುಗಳು ಮರಿ ಹಾಕುತ್ತವೆ. ತಾಯಿ ತನ್ನ ಮರಿಯನ್ನು ಪೊದೆಯ ಮರೆಯಲ್ಲೋ ಕಟ್ಟಡದ ಪಕ್ಕದಲ್ಲೋ ಅಡಗಿಸಿ ಮೇಯಲು ಹೋಗಿರುತ್ತದೆ. ಮರಿ ಅಲ್ಲಿದೆಯೆಂದು ತಿಳಿಯದೆ ಹತ್ತಿರ ಹಾಯ್ದವರ ಮೇಲೆ ಓಡಿಬಂದು ಮುಂಗಾಲುಗಳಿಂದ ಒದೆಯುತ್ತದೆ. ಊರಿನಿಂದ ಹಿರಿಯರು ಬರುವುದು ಹೆಚ್ಚಾಗಿ ಇದೇ ತಿಂಗಳುಗಳಲ್ಲಿ ಎಂಬುದನ್ನು ಗಮನದಲ್ಲಿಡಬೇಕು. ಎರಡನೆಯದು ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗಿನ ಬೆದೆಯ ಕಾಲ. ಆಗ ಗಂಡುಗಳು ಸಿಳ್ಳೆಯಂತೆ ತೀಕ್ಷ್ಣವಾಗಿ ಕೂಗುತ್ತ, ಹೆಣ್ಣುಗಳ ಹಿಂಡನ್ನು ಕಾಯುತ್ತ, ಪ್ರತಿಸ್ಪರ್ಧಿಯನ್ನಷ್ಟೇ ಅಲ್ಲ, ನಿಲ್ಲಿಸಿದ ಕಾರನ್ನೂ ಗುದ್ದುವಷ್ಟು ಉದ್ರಿಕ್ತವಾಗಿರುತ್ತವೆ. ಕೊಲರಾಡೊದ ಎಸ್ಟಿಸ್ ಪಾರ್ಕ್ ಪಟ್ಟಣಕ್ಕೆ ಆ ಕೂಗನ್ನು ಕೇಳಲೆಂದೇ ಜನ ಬರುತ್ತಾರೆ. ಪಕ್ಕದ ರಾಕಿ ಮೌಂಟನ್ ಉದ್ಯಾನದ ಕೆಲವು ಹುಲ್ಲುಗಾವಲುಗಳಲ್ಲಿ ಆ ದಿನಗಳ ಸಂಜೆಯಿಂದ ಬೆಳಗಿನವರೆಗೆ ರಸ್ತೆ, ಕಾಲುದಾರಿಗಳನ್ನು ಬಿಟ್ಟು ನಡೆಯುವುದನ್ನು ನಿಷೇಧಿಸಲಾಗುತ್ತದೆ. ಪ್ರವೇಶದ್ವಾರದಲ್ಲಿ ಕೊಡುವ ಹಾಳೆಯಲ್ಲಿ ಆ ವರ್ಷದ ವೇಳೆಯನ್ನು ನೋಡಿಕೊಳ್ಳಬೇಕು.

ಗಾಡಿ ಓಡಿಸುವಾಗ

ಯೆಲ್ಲೋಸ್ಟೋನ್‌ನ ಬಹುಪಾಲು ರಸ್ತೆಗಳಲ್ಲಿ ಗರಿಷ್ಠ ವೇಗ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿ.ಮೀ. ಮುಂಜಾವು ಮತ್ತು ಮುಸ್ಸಂಜೆಗಳಲ್ಲಿ ಪ್ರಾಣಿಗಳ ಓಡಾಟ ಹೆಚ್ಚು, ಬೆಳಕು ಕಡಿಮೆ. ಆದ್ದರಿಂದ ಆ ಹೊತ್ತಿನಲ್ಲಿ ಅದಕ್ಕಿಂತಲೂ ನಿಧಾನವಾಗಿ ಹೋಗಬೇಕು. ಎದುರು ವಾಹನ ಇಲ್ಲದಾಗ ಹೈಬೀಮ್ ಹಾಕಿ, ಪಕ್ಕದಲ್ಲಿ ಕುಳಿತವರಿಗೆ ರಸ್ತೆಯ ಎರಡೂ ಅಂಚುಗಳನ್ನು ನೋಡುವ ಕೆಲಸ ವಹಿಸಿ; ಕತ್ತಲಲ್ಲಿ ದೇಹ ಕಾಣುವ ಮೊದಲೇ ಕಣ್ಣುಗಳು ಮಿನುಗುತ್ತವೆ. ಒಂದು ಎಲ್ಕ್ ರಸ್ತೆ ದಾಟಿತೆಂದು ವೇಗ ಹೆಚ್ಚಿಸಬಾರದು, ಏಕೆಂದರೆ ಹಿಂಡಿನ ಉಳಿದವು ಅದರ ಹಿಂದೆಯೇ ಬರುತ್ತಿರುತ್ತವೆ.

ಅಷ್ಟಾದರೂ ಪ್ರಾಣಿ ಥಟ್ಟನೆ ಅಡ್ಡ ಬಂದರೆ ಸ್ಟಿಯರಿಂಗನ್ನು ಜೋರಾಗಿ ತಿರುಗಿಸದೆ, ನಿಮ್ಮ ಸಾಲಿನಲ್ಲೇ ಉಳಿದು, ಬ್ರೇಕನ್ನು ಬಲವಾಗಿ ಒತ್ತಬೇಕು. ತಪ್ಪಿಸಲು ಹೋಗಿ ಎದುರಿನ ವಾಹನಕ್ಕೋ ಮರಕ್ಕೋ ಗುದ್ದುವುದರಿಂದ ಆಗುವ ಹಾನಿ ಸಾಮಾನ್ಯವಾಗಿ ಇನ್ನೂ ದೊಡ್ಡದು. ಜಿಂಕೆಯ ಕುಲದಲ್ಲೇ ಅತಿ ದೊಡ್ಡ ಪ್ರಾಣಿಯಾದ ಮೂಸ್‌ನ ವಿಚಾರ ಮಾತ್ರ ಸ್ವಲ್ಪ ಬೇರೆ: ಅದರ ಕಾಲುಗಳು ಎಷ್ಟು ಉದ್ದವೆಂದರೆ, ಬಂಪರ್ ಕಾಲಿಗೆ ತಾಗಿದಾಗ ನೂರಾರು ಕಿಲೊ ತೂಕದ ದೇಹ ಬಾನೆಟ್ಟಿನ ಮೇಲಿಂದ ನೇರವಾಗಿ ಮುಂಗಾಜಿಗೆ ಬಂದು ಬೀಳುತ್ತದೆ. ಅದರ ಮೈಬಣ್ಣವೂ ಕಡು ಕಂದು, ರಾತ್ರಿಯಲ್ಲಿ ಕಾಣುವುದು ಕಷ್ಟ. ಮೂಸ್ ಇರುವ ಪ್ರದೇಶವೆಂಬ ಫಲಕ ಕಂಡಲ್ಲಿ ವೇಗ ತಗ್ಗಿಸುವುದೊಂದೇ ನಂಬಬಹುದಾದ ಉಪಾಯ.

ಕೆನಡಾದ ಬ್ಯಾಂಫ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರಿಗೆ ಟ್ರಾನ್ಸ್-ಕೆನಡಾ ಹೆದ್ದಾರಿಯ ಎರಡೂ ಬದಿ ಎತ್ತರದ ಬೇಲಿ, ನಡುನಡುವೆ ಪ್ರಾಣಿಗಳಿಗೆಂದೇ ಕಟ್ಟಿದ ಮೇಲ್ಸೇತುವೆಗಳು ಕಾಣುತ್ತವೆ. ಆ ಉದ್ಯಾನದಲ್ಲಿ 6 ಮೇಲ್ಸೇತುವೆ, 38 ಕೆಳಸೇತುವೆಗಳಿದ್ದು, ಇವುಗಳಿಂದ ಪ್ರಾಣಿ-ವಾಹನ ಡಿಕ್ಕಿಗಳು ಶೇ 80ಕ್ಕಿಂತ ಹೆಚ್ಚು ಕಡಿಮೆಯಾದವು. ಬೇಲಿಯಿಲ್ಲದ ಪಕ್ಕದ ಸಣ್ಣ ರಸ್ತೆಗಳಿಗೆ ಇಳಿದೊಡನೆ ಆ ರಕ್ಷಣೆ ಮುಗಿಯುತ್ತದೆ.

ನಿಲ್ಲಿಸುವುದಾದರೆ

ರಸ್ತೆಯ ನಡುವೆ ಕಾರು ನಿಲ್ಲಿಸಿ ಫೋಟೊ ತೆಗೆಯುವುದು ಅಲ್ಲಿ ಬಹಳ ಸಾಮಾನ್ಯವಾದ, ಬಹಳ ಕಿರಿಕಿರಿಯ ತಪ್ಪು. ರಸ್ತೆ ಬದಿಯಲ್ಲಿ ನಿಲುಗಡೆಗೆಂದು ಬಿಟ್ಟ ಜಾಗ ಸಿಗುವವರೆಗೆ ಮುಂದೆ ಹೋಗಿ, ಚಕ್ರಗಳೆಲ್ಲ ಬಿಳಿ ಗೆರೆಯ ಹೊರಗಿರುವಂತೆ ನಿಲ್ಲಿಸಬೇಕು. ಕಾಡೆಮ್ಮೆಗಳ, ಅಂದರೆ ಬೈಸನ್‌ಗಳ, ಹಿಂಡು ರಸ್ತೆಯನ್ನೇ ಆಕ್ರಮಿಸಿದ್ದರೆ ಕಾರಿನೊಳಗೇ ಕುಳಿತು ಕಾಯಬೇಕು. ಹಾರ್ನ್ ಹಾಕಬಾರದು, ಹಿಂಡಿನ ನಡುವೆ ನುಗ್ಗಿಸಬಾರದು.

ಇಳಿದ ಮೇಲೆ ಎಷ್ಟು ದೂರ?

ಯೆಲ್ಲೋಸ್ಟೋನ್‌ನ ನಿಯಮದಂತೆ ಎಲ್ಕ್, ಬೈಸನ್ ಮುಂತಾದ ಪ್ರಾಣಿಗಳಿಂದ ಕನಿಷ್ಠ 25 ಗಜ (23 ಮೀಟರ್), ಕರಡಿ, ತೋಳ ಮತ್ತು ದೊಡ್ಡ ಬೆಕ್ಕಿನ ಜಾತಿಯ ಕೂಗರ್‌ಗಳಿಂದ ಕನಿಷ್ಠ 100 ಗಜ (91 ಮೀಟರ್) ದೂರವಿರಬೇಕು. ಕ್ರಿಕೆಟ್ ಪಿಚ್‌ನ ಉದ್ದ 22 ಗಜವೆಂದು ಗೊತ್ತಿರುವ ನಮಗೆ ಮೊದಲನೆಯ ಅಳತೆಯನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟವಲ್ಲ: ವಿಕೆಟ್‌ನಿಂದ ವಿಕೆಟ್‌ಗೆ ಇರುವ ದೂರದ ಮೇಲೆ ಇನ್ನೂ ಮೂರು ಗಜ. ಬ್ಯಾಂಫ್‌ನಲ್ಲಿ ಎಲ್ಕ್‌ನಿಂದ 30 ಮೀಟರ್ ದೂರವಿರಲು ಹೇಳುತ್ತಾರೆ. ಇನ್ನೊಂದು ಸುಲಭ ಪರೀಕ್ಷೆಯೆಂದರೆ, ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಪ್ರಾಣಿಯ ಎದುರು ಹಿಡಿಯುವುದು. ಬೆರಳಿನ ಮರೆಯಲ್ಲಿ ಪ್ರಾಣಿ ಪೂರ್ತಿ ಮುಚ್ಚಿಹೋಗದಿದ್ದರೆ ನೀವು ತೀರ ಹತ್ತಿರವಿದ್ದೀರಿ.

ಈ ಅಂತರ ಕನಿಷ್ಠ ಮಾತ್ರ. ನಿಮ್ಮ ಇರವಿನಿಂದ ಪ್ರಾಣಿ ಮೇಯುವುದನ್ನು ನಿಲ್ಲಿಸಿ ತಲೆಯೆತ್ತಿದರೆ, ಜಾಗ ಬದಲಿಸಿದರೆ, ಆಗಲೇ ಹಿಂದೆ ಸರಿಯಬೇಕು. ಪ್ರಾಣಿಯೇ ನಿಮ್ಮತ್ತ ನಡೆದು ಬಂದರೂ ದೂರ ಕಾಯುವ ಹೊಣೆ ನಿಮ್ಮದೇ. ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆಯುವುದಂತೂ ಬೇಡವೇ ಬೇಡ.

ಯೆಲ್ಲೋಸ್ಟೋನ್‌ನ ಉತ್ತರ ತುದಿಯ ಮ್ಯಾಮತ್ ಹಾಟ್ ಸ್ಪ್ರಿಂಗ್ಸ್‌ನಲ್ಲಿ ವಿಶೇಷ ಎಚ್ಚರ ಬೇಕು. ಅಲ್ಲಿನ ಹೋಟೆಲು, ಕಚೇರಿಗಳ ಸುತ್ತಲಿನ ಹಸಿರು ಹುಲ್ಲಿಗೆ ಎಲ್ಕ್‌ಗಳು ಬಂದು ಸೇರುತ್ತವೆ. ಜನರನ್ನು ಕಂಡು ಓಡುವುದಿಲ್ಲ. ಈ ನಿರಾಳತೆಯನ್ನು ಸಾಧುತನವೆಂದು ತಿಳಿಯುವುದು ತಪ್ಪು. ಬಾಗಿಲು ತೆರೆದು ಹೊರಬರುವ ಮುನ್ನ, ಕಟ್ಟಡದ ಮೂಲೆ ತಿರುಗುವ ಮುನ್ನ, ನಿಲ್ಲಿಸಿದ ಕಾರುಗಳ ಸಾಲಿನ ನಡುವೆ ನುಗ್ಗುವ ಮುನ್ನ ಒಮ್ಮೆ ಇಣುಕಿ ನೋಡಬೇಕು. ಚಿಕ್ಕ ಮಕ್ಕಳ ಕೈ ಬಿಡಬಾರದು.

ಕೋಪದ ಸೂಚನೆಗಳು

ಎಲ್ಕ್ ಕಿವಿಗಳನ್ನು ಹಿಂದಕ್ಕೆ ಮಲಗಿಸಿ, ತಲೆಯನ್ನು ಎತ್ತರಿಸಿ ನೇರ ನಿಮ್ಮತ್ತ ನೋಡುತ್ತಿದ್ದರೆ, ಹಲ್ಲು ಕಡಿದರೆ, ಕಾಲು ಅಪ್ಪಳಿಸಿದರೆ ದಾಳಿ ಸಮೀಪಿಸಿದೆ ಎಂದರ್ಥ. ಮೂಸ್‌ನ ಕತ್ತಿನ ಮೇಲಿನ ಕೂದಲು ನೆಟ್ಟಗಾಗುತ್ತದೆ. ಬೈಸನ್ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ನೆಲ ಕೆರೆಯುತ್ತದೆ, ಬುಸುಗುಟ್ಟುತ್ತದೆ, ಬಾಲವನ್ನು ಮೇಲೆತ್ತುತ್ತದೆ. ಯೆಲ್ಲೋಸ್ಟೋನ್‌ನಲ್ಲಿ ಜನರನ್ನು ಅತಿ ಹೆಚ್ಚು ಗಾಯಗೊಳಿಸಿರುವುದು ಕರಡಿಯಲ್ಲ, ಈ ಬೈಸನ್. 900 ಕಿಲೊವರೆಗೆ ತೂಗುವ ಗಂಡು ಸೋಮಾರಿಯಂತೆ ಕಂಡರೂ ಮನುಷ್ಯನ ಮೂರು ಪಟ್ಟು ವೇಗದಲ್ಲಿ ಓಡಬಲ್ಲದು.

ಓಡಬೇಕೇ, ನಿಲ್ಲಬೇಕೇ?

ಇಲ್ಲಿ ಪ್ರಾಣಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ, ಮತ್ತು ಈ ಒಂದು ವ್ಯತ್ಯಾಸವನ್ನು ಜೊತೆಗಿರುವ ಹಿರಿಯರಿಗೂ ಮಕ್ಕಳಿಗೂ ಮೊದಲೇ ಹೇಳಿಕೊಡಬೇಕು. ಎಲ್ಕ್, ಬೈಸನ್, ಮೂಸ್ ಮೇಲೆರಗಿದರೆ ತಕ್ಷಣ ದೂರ ಹೋಗಿ, ಕಾರಿನೊಳಗೆ, ದಪ್ಪ ಮರದ ಅಥವಾ ಬಂಡೆಯ ಹಿಂದೆ ಆಶ್ರಯ ಪಡೆಯಬೇಕು, ಓಡಿದರೂ ಸರಿಯೇ. ಅವು ಹುಲ್ಲು, ಎಲೆ ತಿನ್ನುವ ಪ್ರಾಣಿಗಳು, ನಿಮ್ಮನ್ನು ಓಡಿಸುವುದಷ್ಟೇ ಅವುಗಳ ಉದ್ದೇಶ. ಕರಡಿ, ತೋಳ, ಕೂಗರ್ ಎದುರಾದರೆ ಮಾತ್ರ ಎಂದಿಗೂ ಓಡಬಾರದು, ಏಕೆಂದರೆ ಓಡುವುದನ್ನು ಕಂಡರೆ ಬೆನ್ನಟ್ಟುವ ಸ್ವಭಾವ ಅವುಗಳಲ್ಲಿ ಕೆರಳುತ್ತದೆ. ಕೂಗರ್‌ನ ಎದುರು ಮಕ್ಕಳನ್ನು ಎತ್ತಿಕೊಂಡು, ಕೈಗಳನ್ನು ಮೇಲೆತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು.

ಕರಡಿಯನ್ನು ಹಠಾತ್ತನೆ ಎದುರಿಸುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ಮೊದಲ ಹಂತ. ಕಾಲುದಾರಿಯಲ್ಲಿ ಮೂವರು ಅಥವಾ ಹೆಚ್ಚು ಜನ ಒಟ್ಟಿಗಿದ್ದು, ಗಟ್ಟಿಯಾಗಿ ಮಾತನಾಡುತ್ತ, ಆಗಾಗ ಚಪ್ಪಾಳೆ ತಟ್ಟುತ್ತ ನಡೆಯಬೇಕು. ಅಂಗಡಿಗಳಲ್ಲಿ ಮಾರುವ ಸಣ್ಣ ಗಂಟೆಗಳ ಸದ್ದು ಸಾಲುವುದಿಲ್ಲ. ಬೇರ್ ಸ್ಪ್ರೇ ಡಬ್ಬಿಯನ್ನು ಚೀಲದ ತಳದಲ್ಲಿಡದೆ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ಇದು ಸೊಳ್ಳೆ ಔಷಧಿಯಂತೆ ಮೈಗೆ ಹಚ್ಚುವ ವಸ್ತುವಲ್ಲ. ಕರಡಿ ಓಡಿಬರುತ್ತಿರುವಾಗ 30–60 ಅಡಿಗಳ ಅಂತರದಲ್ಲಿ ಅದರ ಮುಖದ ಮುಂದೆ ಖಾರದ ಮೋಡವೊಂದು ನಿಲ್ಲುವಂತೆ ಸಿಂಪಡಿಸಬೇಕು. ವಿಮಾನದಲ್ಲಿ ಒಯ್ಯಲು ಅನುಮತಿಯಿಲ್ಲವಾದ್ದರಿಂದ ಅಲ್ಲಿಗೆ ಹೋದ ಮೇಲೆಯೇ ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು; ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಮುಟ್ಟಬಾರದ್ದು, ಕೊಡಬಾರದ್ದು

ತಿಂಡಿ ಕೊಡುವುದು ಕಾನೂನುಬಾಹಿರ. ಉದುರಿಬಿದ್ದ ಎಲ್ಕ್ ಕೊಂಬನ್ನು ನೆನಪಿಗೆಂದು ತರುವುದೂ ಅಷ್ಟೆ. ಒಂಟಿಯಾಗಿ ಮಲಗಿದ ಮರಿಯನ್ನು ಅನಾಥವೆಂದು ತಿಳಿದು ಮುಟ್ಟಬಾರದು. 2023ರ ಮೇ ತಿಂಗಳಲ್ಲಿ ಲಮಾರ್ ಕಣಿವೆಯಲ್ಲಿ ನದಿ ದಾಟಲಾಗದೆ ಉಳಿದ ಬೈಸನ್ ಕರುವನ್ನು ಪ್ರವಾಸಿಗನೊಬ್ಬ ಕೈಯಾರೆ ದಡ ಹತ್ತಿಸಿದ. ಹಿಂಡು ಅದನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ, ಕರು ರಸ್ತೆಗೆ ಬಂದು ಕಾರುಗಳ ಬೆನ್ನು ಹತ್ತತೊಡಗಿತು, ಕೊನೆಗೆ ಸಿಬ್ಬಂದಿ ಅದಕ್ಕೆ ದಯಾಮರಣ ಕೊಡಬೇಕಾಯಿತು. ಆ ಪ್ರವಾಸಿಗ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತ.

ಡಿಕ್ಕಿಯಾಗಿಯೇ ಬಿಟ್ಟರೆ

ಹಜಾರ್ಡ್ ಲೈಟ್ ಹಾಕಿ, ಸಾಧ್ಯವಾದರೆ ಕಾರನ್ನು ಬದಿಗೆ ತಂದು, ತುರ್ತು ಸೇವೆಯ ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬಾರದು. ನೋವಿನಲ್ಲಿ ಅದು ಕಾಲು ಝಾಡಿಸುತ್ತದೆ. ಸತ್ತಿದ್ದರೂ ಸುತ್ತ ನಿಂತಿರಬಾರದು, ಏಕೆಂದರೆ ಹೆಣದ ವಾಸನೆಗೆ ಕರಡಿಗಳು ಬರಬಹುದು. ಯೆಲ್ಲೋಸ್ಟೋನ್‌ನ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ, ಕಾರು ಚಲಿಸುವ ಸ್ಥಿತಿಯಲ್ಲಿದ್ದರೆ ಹತ್ತಿರದ ರೇಂಜರ್ ಠಾಣೆಗೆ ಹೋಗಿ, ಇಲ್ಲವಾದರೆ ಹಾದುಹೋಗುವ ವಾಹನದವರ ಮೂಲಕ ಸುದ್ದಿ ಮುಟ್ಟಿಸಿ. ಬಾಡಿಗೆ ಕಾರಾದರೆ ವರದಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಕಾರಿನ ಮತ್ತು ರಸ್ತೆಯ ಚಿತ್ರಗಳೊಂದಿಗೆ ಬಾಡಿಗೆ ಕಂಪನಿಗೆ ಅಂದೇ ತಿಳಿಸಬೇಕು. ಸ್ವಂತ ಕಾರಿನ ವಿಮೆಯಲ್ಲಿ ಪ್ರಾಣಿಗೆ ಗುದ್ದಿದ ನಷ್ಟ ಸಾಮಾನ್ಯವಾಗಿ ‘ಕೊಲಿಷನ್’ ಭಾಗದಲ್ಲಿ ಬರದೆ ‘ಕಾಂಪ್ರಿಹೆನ್ಸಿವ್’ ಭಾಗದಲ್ಲಿ ಬರುತ್ತದೆ. ಆ ಭಾಗ ನಿಮ್ಮ ಪಾಲಿಸಿಯಲ್ಲಿದೆಯೇ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಳ್ಳಿ.